ಗದಗದಿಂದ ಲಕ್ಷ್ಮೇಶ್ವರದವರೆಗೆ: ವೃತ್ತ, ಗೆರೆ, ಚುಕ್ಕಿಯಲ್ಲಿ ನಿಮ್ಮದೇ ಒಂದು ಕನ್ನಡ ಫಾಂಟ್

ಸ್ವಂತದ್ದೊಂದು ಕನ್ನಡ ಫಾಂಟ್ ಮಾಡಬೇಕು ಅಂತ ಕೂತವರು ಸಾಮಾನ್ಯವಾಗಿ ‘ಅ’ದಿಂದ ಶುರು ಮಾಡುತ್ತಾರೆ. ಅ, ಆ, ಇ, ಈ ಮುಗಿಯುವಷ್ಟರಲ್ಲಿ ಉತ್ಸಾಹವೂ ಮುಗಿದಿರುತ್ತದೆ. ನಮ್ಮ ಸ್ವರಗಳು ಒಂದೊಂದೂ ಒಂದೊಂದು ಥರ. ‘ಇ’ಗೆ ಪಟ್ಟ ಶ್ರಮ ‘ಉ’ಗೆ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೆ ಮೊದಲು ‘ಗದಗ’ ಬರೆಯಿರಿ. ಆಮೇಲೆ ಧಾರವಾಡ, ಹಾವೇರಿ, ಹುಬ್ಬಳ್ಳಿ, ಕೊನೆಗೆ ಲಕ್ಷ್ಮೇಶ್ವರ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ, ಸ್ವಲ್ಪ ಅದೂ ಇದೆ ಅನ್ನಿ. ಈ ಐದು ಹೆಸರುಗಳನ್ನು ಇದೇ ಸಾಲಿನಲ್ಲಿ ಬರೆದರೆ ಕನ್ನಡ ಫಾಂಟಿನ ಕಷ್ಟಗಳು ಸಣ್ಣದರಿಂದ ದೊಡ್ಡದಕ್ಕೆ ಸರಿಯಾಗಿ ಎದುರಾಗುತ್ತವೆ. ‘ಗದಗ’ಕ್ಕೆ ಬೇಕಾಗಿರುವುದು ಎರಡೇ ಅಕ್ಷರ. ‘ಲಕ್ಷ್ಮೇಶ್ವರ’ಕ್ಕೆ ಬರುವಾಗ ಒತ್ತಿನ ಹಿಂದೆ ಒತ್ತು ನಿಂತಿರುತ್ತದೆ.

ನಾವು ಮಾಡಹೊರಟಿರುವುದು ಪುಸ್ತಕದ ಒಳಪುಟದ ಫಾಂಟ್ ಅಲ್ಲ. ಅಂಗಡಿ ಬೋರ್ಡು, ಗಣಪತಿ ಮಂಡಳಿಯ ಬ್ಯಾನರು, ಮದುವೆ ಪತ್ರಿಕೆಯ ಮೇಲಿನ ಎರಡು ಹೆಸರು, ಇಂಥ ಕಡೆ ದೊಡ್ಡದಾಗಿ ಕೂರುವ ಅಕ್ಷರ. ಅಲ್ಲಿ ವೃತ್ತ, ಅರ್ಧವೃತ್ತ, ನೇರ ಗೆರೆ, ಚುಕ್ಕಿ ಇಷ್ಟರಲ್ಲೇ ಕಟ್ಟಿದ ಅಕ್ಷರ ಚೆಂದ ಕಾಣುತ್ತದೆ.

ಬೇಕಾದ ಸಾಮಾನು

ಗ್ರಾಫ್ ಹಾಳೆ, ಕೈವಾರ, ಪೆನ್ಸಿಲ್. ಕಂಪ್ಯೂಟರಿನಲ್ಲಿ ಆಕಾರ ಬರೆಯಲು ಇಂಕ್‌ಸ್ಕೇಪ್ ಮತ್ತು ಫಾಂಟ್ ಕಟ್ಟಲು ಫಾಂಟ್‌ಫೋರ್ಜ್. ಎರಡೂ ಪುಕ್ಕಟೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಮ್ಯಾಕ್ ಇದ್ದು ದುಡ್ಡು ಕೊಡುವ ಮನಸ್ಸಿದ್ದರೆ ಗ್ಲಿಫ್ಸ್ ಕೊಳ್ಳಬಹುದು. ಬ್ರೌಸರಿನಲ್ಲೇ ಇಟ್ಟಿಗೆ ಜೋಡಿಸಿದ ಹಾಗೆ ಅಕ್ಷರ ಕಟ್ಟುವ ಫಾಂಟ್‌ಸ್ಟ್ರಕ್ಟ್ ಕೂಡ ಇದೆ. ಆಕಾರಗಳನ್ನು ಆಡಿಸಿ ನೋಡಲು ಅದು ಬಹಳ ಚೆಂದ, ಆದರೆ ಒತ್ತು ಗುಣಿತಗಳ ನಿಯಮ ಬರೆಯಲು ಫಾಂಟ್‌ಫೋರ್ಜ್‌ನಂಥದ್ದೇ ಬೇಕು.

ಕೈವಾರ ಹಿಡಿಯುವ ಮುಂಚೆ

ಒಂದು ಮಧ್ಯಾಹ್ನ ಸುಮ್ನೆ ಬೋರ್ಡು ನೋಡುತ್ತಾ ಅಡ್ಡಾಡಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೋ ಕೊಪ್ಪಿಕರ್ ರಸ್ತೆಯಲ್ಲೋ ಕೈಯಲ್ಲಿ ಬರೆದ ಹಳೇ ಬೋರ್ಡು ಸಿಕ್ಕರೆ ಫೋಟೊ ತೆಗೆದುಕೊಳ್ಳಿ. ಪೇಂಟರ್ ತಲಕಟ್ಟನ್ನು ಎಲ್ಲಿ ಉದ್ದ ಎಳೆದಿದ್ದಾನೆ, ಒತ್ತಕ್ಷರಕ್ಕೆ ಜಾಗ ಸಾಲದಾಗ ಏನು ಮಾಡಿದ್ದಾನೆ, ಇದನ್ನೇ ನೋಡಬೇಕು. ಗದಗಿನಿಂದ ಹತ್ತಿರವೇ ಇರುವ ಲಕ್ಕುಂಡಿಗೆ ಹೋದರೆ ಶಾಸನಗಳಿವೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇರುವ ಊರು ಅದು. ಕಲ್ಲಿನಲ್ಲಿ ಉಳಿಯಿಂದ ಕಡೆದರೂ ಆ ಕಾಲದ ಅಕ್ಷರ ಎಷ್ಟು ದುಂಡಗಿದೆ ಅಂತ ಗಮನಿಸಿ.

ಇನ್ನೊಂದು ದಾರಿ ಮನೆಯ ಟ್ರಂಕಿನಲ್ಲೇ ಇರಬಹುದು: ಕಸೂತಿ ಸೀರೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಗಳಲ್ಲಿ ಇರುವುದು ಅಡ್ಡ, ಉದ್ದ, ಓರೆ ಗೆರೆಗಳಷ್ಟೇ. ಗೋಪುರ, ತೇರು, ಆನೆ ಎಲ್ಲ ಅದರಲ್ಲೇ ಬರುತ್ತವೆ. ವೃತ್ತದ ಬದಲು ಚೌಕುಳಿಯ ಮೇಲೆ ಫಾಂಟ್ ಕಟ್ಟುವ ಆಸೆ ಇದ್ದರೆ ಅದಕ್ಕಿಂತ ಒಳ್ಳೆಯ ಮಾದರಿ ಬೇಡ. ಆದರೆ ಚೌಕುಳಿ ಕನ್ನಡ ದೊಡ್ಡ ಗಾತ್ರದಲ್ಲಿ ಮಾತ್ರ ಓದಲು ಬರುತ್ತದೆ. ಸಣ್ಣದಾದರೆ ‘ಪ’ ಯಾವುದು ‘ಷ’ ಯಾವುದು ತಿಳಿಯುವುದಿಲ್ಲ. ಮೊದಲ ಫಾಂಟಿಗೆ ವೃತ್ತವೇ ಸಲೀಸು, ಇಲ್ಲಿ ಅದನ್ನೇ ಹೇಳುತ್ತೇನೆ.

ಅಕ್ಷರ ಬೇಡ, ಭಾಗ ಬರೆಯಿರಿ

ವರ್ಣಮಾಲೆಯಲ್ಲಿ 34 ವ್ಯಂಜನ. ಒಂದೊಂದಕ್ಕೂ ಕಾಗುಣಿತ, ಒಂದೊಂದಕ್ಕೂ ಒತ್ತು. ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಲು ಹೋದರೆ ಸಾವಿರಾರು ಆಗುತ್ತವೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲೂ ಯಾರೂ ಹಾಗೆ ಮಾಡಲಿಲ್ಲ, ಒತ್ತಿಗೆ ಬೇರೆ ಮೊಳೆಯನ್ನೇ ಇಟ್ಟುಕೊಂಡಿದ್ದರು. ನಾವೂ ಅದೇ ಲೆಕ್ಕ ಹಿಡಿಯೋಣ. ಪ್ರತಿ ವ್ಯಂಜನಕ್ಕೆ ನಾಲ್ಕು ರೂಪ: ಪೂರ್ತಿ ಅಕ್ಷರ (ಕ), ತಲಕಟ್ಟು ಇಲ್ಲದ ಬರೀ ಮೈ, ಗುಡಿಸು ಹಾಕಿದ್ದು (ಕಿ), ಒತ್ತು (್ಕ). ಅಲ್ಲಿಗೆ 136. ಸ್ವರಗಳು, ಗುಣಿತದ ಚಿಹ್ನೆಗಳು, ಸೊನ್ನೆ, ವಿಸರ್ಗ, ಅಂಕಿಗಳು, ಪೂರ್ಣವಿರಾಮ ಪ್ರಶ್ನಾರ್ಥಕ ಇತ್ಯಾದಿ ಸೇರಿದರೆ ಹೆಚ್ಚುಕಡಿಮೆ 180. ಬೋರ್ಡಿನ ಫಾಂಟ್ ಆದರೆ ₹ ಚಿಹ್ನೆ ಮರೆಯಬೇಡಿ.

ಖುಷಿಯ ಸಂಗತಿ ಏನೆಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಕೂಡ ಕನ್ನಡವನ್ನು ಭಾಗಗಳಾಗಿಯೇ ನೋಡುತ್ತದೆ. ‘ೊ’ ಅನ್ನುವುದು ಏತ್ವ (ೆ) ಮತ್ತು ಕೊಂಬಿನ ಇಳಿ (ೂ) ಸೇರಿದ್ದು. ‘ೋ’ ಆದರೆ ಅದಕ್ಕೊಂದು ದೀರ್ಘ ಜಾಸ್ತಿ. ‘ೇ’ ಅಂದರೆ ಏತ್ವ ಮತ್ತು ದೀರ್ಘ. ಅಕ್ಷರ ಜೋಡಿಸುವ ತಂತ್ರಾಂಶ ಇವನ್ನು ತಾನೇ ಒಡೆದುಕೊಳ್ಳುತ್ತದೆ. ನೀವು ಏತ್ವ, ಕೊಂಬಿನ ಇಳಿ, ದೀರ್ಘ ಚೆನ್ನಾಗಿ ಬರೆದರೆ ಸಾಕು.

ಅಳತೆ

ಫಾಂಟ್‌ಫೋರ್ಜ್‌ನಲ್ಲಿ ಹೊಸ ಕಡತ ತೆರೆದು ಎಮ್ ಅಳತೆಯನ್ನು, ಅಂದರೆ ಅಕ್ಷರ ಕೂರುವ ಚೌಕದ ಎತ್ತರವನ್ನು, 1000 ಇಡಿ. ಮುಂದೆ ಹೇಳುವ ಅಂಕಿಗಳೆಲ್ಲ ಆ 1000ದ ಲೆಕ್ಕದಲ್ಲಿ. ಇವು ಶುರು ಮಾಡಲು ಅಷ್ಟೇ, ನಿಮ್ಮ ರುಚಿಗೆ ಬದಲಿಸಿಕೊಳ್ಳಿ.

ಅಡಿಗೆರೆ 0. ಮೈಯ ಎತ್ತರ 500. ತಲಕಟ್ಟಿನ ತುದಿ 660. ಗುಡಿಸು, ಏತ್ವ 760ರವರೆಗೆ ಹೋಗಲಿ. ಒತ್ತು ಅಡಿಗೆರೆಯ ಕೆಳಗೆ 40ರಿಂದ 360ರವರೆಗೆ. ಗೆರೆಯ ದಪ್ಪ 80. ಕನ್ನಡಕ್ಕೆ ಕೆಳಗಡೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. ಫಾಂಟ್ ಮಾಹಿತಿಯಲ್ಲಿ ಮೇಲಿನ ಕೆಳಗಿನ ಮಿತಿ ಬರೆಯುವಾಗ, ವಿಂಡೋಸ್‌ಗೆ ಕೊಡುವ ಮಿತಿಯೂ ಒತ್ತನ್ನು ಒಳಗೊಂಡಿರಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಒತ್ತಿನ ತಳ ಕತ್ತರಿಸಿಹೋಗುತ್ತದೆ.

ವೃತ್ತಕ್ಕೆ ಒಂದು ಅಂಕಿ ನೆನಪಿಡಿ: 0.552. ಫಾಂಟಿನಲ್ಲಿ ವೃತ್ತ ಅನ್ನುವುದು ನಾಲ್ಕು ಬೆಜಿಯರ್ ವಕ್ರಗಳ ಜೋಡಣೆ. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಬಿಂದು ಇಟ್ಟು, ಪ್ರತಿ ಹಿಡಿಕೆಯ (ಬಿಂದುವಿನಿಂದ ಹೊರಟು ವಕ್ರವನ್ನು ಬಗ್ಗಿಸುವ ಗೆರೆಯ) ಉದ್ದವನ್ನು ತ್ರಿಜ್ಯದ 0.552ರಷ್ಟು ಇಟ್ಟರೆ ಕಣ್ಣಿಗೆ ಪಕ್ಕಾ ವೃತ್ತ. ತ್ರಿಜ್ಯ 250 ಆದರೆ ಹಿಡಿಕೆ 138. ಬಿಂದುಗಳನ್ನು ಯಾವಾಗಲೂ ಈ ನಾಲ್ಕು ತುದಿಗಳಲ್ಲೇ ಇಡಿ. ಓರೆಯಲ್ಲಿ ಇಟ್ಟರೆ ಆಮೇಲೆ ತಿದ್ದುವುದು ಕಷ್ಟ.

ಮೊದಲ ಊರು: ಗದಗ

‘ಗ’ ಒಂದು ಕಮಾನು. 500 ಅಗಲದ ಅರ್ಧವೃತ್ತ, ಎರಡು ನೇರ ಕಾಲು, ಮೇಲೆ ತಲಕಟ್ಟು. ‘ದ’ ಒಂದು ಗುಂಡು, ಎಡ ಮಗ್ಗುಲಲ್ಲಿ ಒಳಕ್ಕೊಂದು ಮಡಿಕೆ, ಮೇಲೆ ಅದೇ ತಲಕಟ್ಟು.

ಆ ತಲಕಟ್ಟೇ ನಿಮ್ಮ ಫಾಂಟಿನ ಮುಖ. ಅದು ಹೆಚ್ಚಿನ ವ್ಯಂಜನಗಳ ತಲೆ ಮೇಲೆ ಕೂರುತ್ತದೆ, ಹಾಗಾಗಿ ಒಂದು ಸಾಲು ಓದಿದರೆ ಕಣ್ಣು ಅತಿ ಹೆಚ್ಚು ಸಲ ನೋಡುವ ಆಕಾರ ಅದೇ. ಪೂರ್ತಿ ನೇರ ಪಟ್ಟಿ ಇಡಬಹುದು, ಕಾಲು ವೃತ್ತ ಇಡಬಹುದು, ಟಿಕ್ ಗುರುತಿನ ಹಾಗೆ ಓರೆ ಗೆರೆ ಇಡಬಹುದು. ಮೂರನ್ನೂ ಬರೆದು ‘ಗದಗ’ ಅಂತ ಮೂರು ಸಲ ಬರೆದು ಗೋಡೆಗೆ ಅಂಟಿಸಿ. ನೇರ ಪಟ್ಟಿ ಇಟ್ಟಾಗ ಸಾಲು ಹಿಂದಿಯ ಶಿರೋರೇಖೆಯ ಹಾಗೆ ಕಾಣತೊಡಗುತ್ತದೆ. ನನಗಂತೂ ಅದು ಒಗ್ಗುವುದಿಲ್ಲ. ಕಾಲು ವೃತ್ತದ ತಲಕಟ್ಟು ಕೆಳಗಿನ ಗುಂಡಿಗೆ ಹೊಂದುತ್ತದೆ, ಬಲತುದಿ ಸ್ವಲ್ಪ ಮೇಲಕ್ಕೆ ಎದ್ದಿದ್ದರೆ ಕನ್ನಡವೇ ಅನ್ನಿಸುತ್ತದೆ.

ಒಂದು ಎಚ್ಚರ: ಜ, ಟ, ಣ, ಬ, ಲ ಇವುಗಳಿಗೆ ತಲಕಟ್ಟಿಲ್ಲ. ಒಂದೇ ಅಚ್ಚಿನಲ್ಲಿ ಎಲ್ಲ ಮಾಡುವ ಹುರುಪಿನಲ್ಲಿ ‘ಬ’ಕ್ಕೂ ತಲಕಟ್ಟು ಹಾಕಿಬಿಟ್ಟರೆ ಓದುವವರು ಅಲ್ಲೇ ಮುಗ್ಗರಿಸುತ್ತಾರೆ.

ಎರಡನೆಯದು: ಧಾರವಾಡ

‘ದ’ ಸಿದ್ಧವಾಗಿದೆ. ತಳದಲ್ಲೊಂದು ಸೀಳು ಕೊಟ್ಟರೆ ‘ಧ’. ಅದೇ ಸೀಳು ‘ಡ’ವನ್ನು ‘ಢ’ ಮಾಡುತ್ತದೆ, ‘ಪ’ವನ್ನು ‘ಫ’ ಮಾಡುತ್ತದೆ. ಸೀಳನ್ನು ಒಂದೇ ಸಲ ಬರೆದು ಎಲ್ಲ ಕಡೆ ಬಳಸಿ. ಫಾಂಟ್‌ಫೋರ್ಜ್‌ನಲ್ಲಿ ನಕಲು ಮಾಡುವ ಬದಲು ‘ಕಾಪಿ ರೆಫರೆನ್ಸ್’ ಬಳಸಿದರೆ ಮೂಲ ತಿದ್ದಿದಾಗ ಎಲ್ಲವೂ ತಾವಾಗಿಯೇ ಬದಲಾಗುತ್ತವೆ. ತಲಕಟ್ಟಿಗೂ ಇದೇ ಉಪಾಯ.

‘ರ’ ಅಂದರೆ ಗುಂಡು ಮತ್ತು ತಲಕಟ್ಟು. ಒಳಗೊಂದು ಚುಕ್ಕಿ ಇಟ್ಟರೆ ‘ಠ’. ಚುಕ್ಕಿಯ ಅಗಲ ಗೆರೆಯ ದಪ್ಪಕ್ಕಿಂತ ತುಸು ಜಾಸ್ತಿ ಇರಲಿ, 100ರ ಸುತ್ತಮುತ್ತ. ಗೆರೆಯಷ್ಟೇ ಇಟ್ಟರೆ ಧೂಳು ಕೂತ ಹಾಗೆ ಕಾಣುತ್ತದೆ.

ಇಲ್ಲಿಯವರೆಗೆ ಬರುವಷ್ಟರಲ್ಲಿ ಒಂದು ವಿಚಿತ್ರ ಕಂಡಿರುತ್ತದೆ. ಎಲ್ಲ ಅಳತೆ ಸರಿ ಇದ್ದರೂ ಅಕ್ಷರ ಸರಿ ಕಾಣುವುದಿಲ್ಲ. ‘ಗ’ದ ಕಾಲುಗಳು ಅಡಿಗೆರೆಯ ಮೇಲೆ ನಿಂತಿವೆ, ‘ರ’ದ ಗುಂಡು ಮೇಲೆ ತೇಲುತ್ತಿದೆ. ಇದು ಕಣ್ಣಿನ ಸ್ವಭಾವ. ದುಂಡಗಿನ ತಳ ಅಡಿಗೆರೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಹಾಗಾಗಿ ಚಿಕ್ಕದಾಗಿ ಕಾಣುತ್ತದೆ. ಗುಂಡನ್ನು ಅಡಿಗೆರೆಯ ಕೆಳಕ್ಕೆ 8ರಿಂದ 12ರಷ್ಟು ಇಳಿಸಿ. ಅಡ್ಡಗೆರೆಯೂ ಹಾಗೆಯೇ, ಉದ್ದಗೆರೆಯಷ್ಟೇ ದಪ್ಪ ಇದ್ದರೂ ಹೆಚ್ಚು ದಪ್ಪ ಕಾಣುತ್ತದೆ. ಉದ್ದಗೆರೆ 80 ಇದ್ದರೆ ಅಡ್ಡಗೆರೆ ಮತ್ತು ಗುಂಡಿನ ಮೇಲ್ತುದಿ ಕೆಳತುದಿ 74 ಇರಲಿ. ಎರಡು ಗೆರೆ ಕೂಡುವಲ್ಲಿ ಕಪ್ಪು ಗಂಟು ಕಟ್ಟುತ್ತದೆ. ಅಲ್ಲಿ ಒಂದು ಗೆರೆಯನ್ನು 60ರವರೆಗೆ ತೆಳು ಮಾಡಿ.

ಜರ್ಮನಿಯಲ್ಲಿ ಪಾಲ್ ರೆನ್ನರ್ ವಿನ್ಯಾಸ ಮಾಡಿದ, 1927ರಲ್ಲಿ ಬಂದ ಫ್ಯೂಚುರಾ ಫಾಂಟಿನ ‘ಓ’ ಕೈವಾರದಿಂದ ಎಳೆದ ಹಾಗೆ ಕಾಣುತ್ತದೆ. ಅದನ್ನೂ ಹೀಗೆ ಅಲ್ಲಲ್ಲಿ ತಿದ್ದಿಯೇ ನಿಲ್ಲಿಸಿದ್ದು. ಅಲ್ಲಿನದೇ ಕಲಾವಿದ ಜೋಸೆಫ್ ಆಲ್ಬರ್ಸ್ 1920ರ ದಶಕದಲ್ಲಿ ಬೆರಳೆಣಿಕೆಯ ಆಕಾರಗಳಲ್ಲೇ ಇಡೀ ವರ್ಣಮಾಲೆ ಕಟ್ಟಿದ. ಅದು ಪೋಸ್ಟರಿಗೆ ಚೆಂದ, ಉದ್ದ ಓದಿಗೆ ಕಷ್ಟ. ನೀವು ಯಾರ ಕಡೆ ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಿ. ಕಣ್ಣಿಗೆ ಬಗ್ಗುವ ಕಡೆಗೆ ನನ್ನ ಒಲವು.

‘ವ’ ಬರೆಯುವಾಗ ಪಕ್ಕದಲ್ಲೇ ‘ಪ’ ಇಟ್ಟುಕೊಳ್ಳಿ. ಎರಡಕ್ಕೂ ಇರುವ ಅಂತರ ಎಡಗಡೆಯ ಬಟ್ಟಲು ಮುಚ್ಚಿದೆಯೋ ತೆರೆದಿದೆಯೋ ಅನ್ನುವುದಷ್ಟೇ. ಗೆರೆ ದಪ್ಪಗಿದ್ದರೆ ಆ ಸಂದು ಮುಚ್ಚಿಹೋಗುತ್ತದೆ. ‘ಪ’ದ ಸಂದು ಗೆರೆಯ ದಪ್ಪದಷ್ಟಾದರೂ ಇರಬೇಕು. ಅದಕ್ಕಾಗಿ ಅಕ್ಷರವನ್ನೇ ಅಗಲ ಮಾಡಬೇಕಾಗಿ ಬಂದರೆ ಮಾಡಿ. ಕನ್ನಡದ ಅಕ್ಷರಗಳು ಒಂದೇ ಅಗಲ ಇರಬೇಕೆಂದು ಯಾರೂ ಹೇಳಿಲ್ಲ.

ಮೂರನೆಯದು: ಹಾವೇರಿ

‘ಹಾ’ದಲ್ಲಿ ತಲಕಟ್ಟು ಹೋಗಿ ಇಳಿ ಬರುತ್ತದೆ. ‘ವೇ’ದಲ್ಲಿ ತಲಕಟ್ಟು ಹೋಗಿ ಏತ್ವ ಬರುತ್ತದೆ, ಪಕ್ಕದಲ್ಲಿ ದೀರ್ಘ. ತಲೆ ಇಲ್ಲದ ಮೈ ಬೇಕು ಅಂದದ್ದು ಇದಕ್ಕೇ. ಮೈ ಮತ್ತು ಚಿಹ್ನೆ ಎಲ್ಲಿ ಕೂಡುತ್ತವೆ ಅನ್ನುವ ಎತ್ತರ ಎಲ್ಲ ಅಕ್ಷರಕ್ಕೂ ಒಂದೇ ಇದ್ದರೆ, 500 ಅಂತ ಇಟ್ಟುಕೊಳ್ಳಿ, ಕೆಲಸ ಅರ್ಧ ಇಳಿಯುತ್ತದೆ.

‘ರಿ’ಯ ಗುಡಿಸು ಬೇರೆ ಕಥೆ. ಅದು ಮೈಗೆ ಅಂಟುವ ರೀತಿ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. ಹಾಗಾಗಿ 34ಕ್ಕೂ ಬೇರೆ ಬೇರೆ ಅಚ್ಚು ಮಾಡಿಬಿಡುವುದೇ ಲೇಸು. ‘ಟಿ, ಣಿ, ಲಿ’ ಇವನ್ನು ಒಂದೊಂದಾಗಿ ಕೈಯಾರೆ ತಿದ್ದಬೇಕು. ‘ಮಿ’ ಬರೆಯುವಾಗ ಗುಡಿಸು ಎಡಗಡೆಯ ‘ವ’ ಭಾಗದ ಮೇಲೆ ಕೂರುತ್ತದೆ, ಬಲಗಡೆಯ ಕೊಂಡಿಯ ಮೇಲಲ್ಲ.

ನಾಲ್ಕನೆಯದು: ಹುಬ್ಬಳ್ಳಿ

ಮೊದಲು ಕೊಂಬು. ‘ಹು’ದಲ್ಲಿ ಬಲ ಮಗ್ಗುಲಿಗೆ ಕೊಂಬು ಸೇರಿಸಿದರೆ ಆಯಿತು. ಆದರೆ ಅದೇ ಕೊಂಬನ್ನು ‘ವ’ಕ್ಕೆ ಸೇರಿಸಿ ನೋಡಿ. ‘ಮ’ ಆಗಿಬಿಟ್ಟಿತು, ಅಲ್ವಾ? ಅದಕ್ಕೇ ಪು, ಫು, ವುಗಳಲ್ಲಿ ಕೊಂಬು ಅಡಿಗೆರೆಯ ಕೆಳಗಿನಿಂದ ಹೊರಡುತ್ತದೆ. ಪು, ಪೂ, ಫು, ಫೂ, ವು, ವೂ ಈ ಆರನ್ನೂ ಬಿಡಿ ಅಚ್ಚಾಗಿ ಮಾಡಿ.

ಒತ್ತು ಬರೆಯುವಾಗ ‘ಬ’ವನ್ನು ಸುಮ್ನೆ 60 ಪ್ರತಿಶತಕ್ಕೆ ಇಳಿಸಿ ಕೆಳಗಿಡುವ ಆಸೆ ಆಗುತ್ತದೆ. ಇಳಿಸಿದರೆ 80ರ ಗೆರೆ 48 ಆಗುತ್ತದೆ. ಮೇಲಿನ ‘ಬ’ ಕಪ್ಪಗೆ, ಕೆಳಗಿನದು ಬಡಕಲು. ಒತ್ತನ್ನು ಹೊಸದಾಗಿ 64ರಿಂದ 68ರ ಗೆರೆಯಲ್ಲಿ ಬರೆಯಿರಿ. ಒಳಗಿನ ಬಿಳಿ ಜಾಗ ಸಾಲದಿದ್ದರೆ ಒತ್ತನ್ನು ಅಗಲ ಮಾಡಿ, ಎತ್ತರ ಬೇಡ. ಎತ್ತರ ಮಾಡಿದರೆ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಲಕಟ್ಟು ಒತ್ತಿಗೆ ಬೇಡ.

‘ಳ್ಳಿ’ಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೀಲಿ ಒತ್ತುವಾಗ ಗುಡಿಸು ಕೊನೆಗೆ ಬರುತ್ತದೆ, ಕಾಣಬೇಕಾದದ್ದು ಮಾತ್ರ ಮೊದಲ ‘ಳ’ದ ಮೇಲೆ. ಈ ಸ್ಥಾನ ಬದಲಾವಣೆಯನ್ನು ಹಾರ್ಫ್‌ಬಜ್‌ನಂಥ ಅಕ್ಷರ ಜೋಡಣೆಯ ತಂತ್ರಾಂಶ ತಾನೇ ಮಾಡುತ್ತದೆ. ನೀವು ‘ಳ ಮತ್ತು ಗುಡಿಸು ಸೇರಿದರೆ ಳಿ’ ಅಂತ ನಿಯಮ ಬರೆದರೆ ಸಾಕು.

ಐದನೆಯದು: ಲಕ್ಷ್ಮೇಶ್ವರ

‘ಕ್ಷ್ಮೇ’. ಒಂದು ಅಕ್ಷರ, ಎರಡು ಒತ್ತು, ಏತ್ವ, ದೀರ್ಘ. ‘ಷ’ ಒತ್ತು ಮೂಲದ ಚಿಕ್ಕ ರೂಪ, ‘ಮ’ ಒತ್ತು ಮೂಲಕ್ಕೆ ಸಂಬಂಧವೇ ಇಲ್ಲದ ಆಕಾರ. ತ, ನ, ಮ, ಯ, ರ, ಲ ಈ ಆರರ ಒತ್ತು ಹೀಗೆ ತಂದೆತಾಯಿಯನ್ನು ಹೋಲುವುದಿಲ್ಲ. ಇವಕ್ಕೆ ವೃತ್ತದ ತುಂಡುಗಳಲ್ಲಿ ನೀವೇ ದಾರಿ ಕಂಡುಕೊಳ್ಳಬೇಕು. ಇವನ್ನು ಬೇಗ ಮುಗಿಸುವ ಗೋಜಿಗೆ ಹೋಗಬೇಡಿ. ಅಮ್ಮ, ತಮ್ಮ, ಅತ್ತೆ, ಎಲ್ಲಿ, ಇನ್ನು: ದಿನದ ಮಾತಿನಲ್ಲಿ ಇವು ಎಷ್ಟು ಸಲ ಬರುತ್ತವೆ ನೋಡಿ.

ಒತ್ತುಗಳನ್ನು ಒಂದರ ಕೆಳಗೊಂದು ಪೇರಿಸಬೇಡಿ, ಪಕ್ಕಪಕ್ಕ ನಿಲ್ಲಿಸಿ. ಪ್ರತಿ ಒತ್ತಿಗೂ ಅದರದೇ ಅಗಲ ಕೊಟ್ಟು, ಎಡಗಡೆಯ ಅಂಚನ್ನು ಋಣ ಸಂಖ್ಯೆಗೆ ಎಳೆದರೆ ಅದು ಮೇಲಿನ ಅಕ್ಷರದ ಬಲ ಕೆಳಮೂಲೆಗೆ ತಾನಾಗಿ ಸರಿಯುತ್ತದೆ. ಮುಂದಿನ ಅಕ್ಷರಕ್ಕೂ ಗುದ್ದುವುದಿಲ್ಲ.

ನಿಯಮ ಬರೆಯುವುದು

ಚಿತ್ರ ಮುಗಿದ ಮೇಲೆ ಓಪನ್‌ಟೈಪ್ ನಿಯಮಗಳು. ಇಲ್ಲಿ ಹೆದರುವವರೇ ಜಾಸ್ತಿ, ಆದರೆ ಇದು ‘ಇದರ ಪಕ್ಕ ಇದು ಬಂದರೆ ಅದನ್ನು ತೋರಿಸು’ ಅನ್ನುವ ಪಟ್ಟಿ ಅಷ್ಟೇ. ಅಚ್ಚುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇಡಿ. ಮೂಲ ಅಕ್ಷರಗಳು ಯುನಿಕೋಡ್‌ನ ಕನ್ನಡ ವಿಭಾಗದ ಮನೆಗಳಲ್ಲೇ ಕೂರಬೇಕು. ಒತ್ತು, ತಲೆ ಇಲ್ಲದ ಮೈ, ಗುಡಿಸಿನ ರೂಪ ಇವಕ್ಕೆ ಯುನಿಕೋಡ್ ಸಂಖ್ಯೆ ಬೇಡ.

ಲಿಪಿಯ ಗುರುತು ಕೇಳಿದಾಗ ಕೆ-ಎನ್-ಡಿ-2 ಅಂತ ಕೊಡಿ. ಹಳೆಯ ಗುರುತು ಕೆ-ಎನ್-ಡಿ-ಎ. ಅದರಲ್ಲಿ ಒತ್ತಿನ ನಿಯಮ ‘ವ್ಯಂಜನ, ಆಮೇಲೆ ಹಲಂತ (್)’ ಅನ್ನುವ ಕ್ರಮದಲ್ಲಿತ್ತು. ಹೊಸದರಲ್ಲಿ ‘ಹಲಂತ, ಆಮೇಲೆ ವ್ಯಂಜನ’. ಹಳೇ ಪಾಠ ನೋಡಿ ಬರೆದ ನಿಯಮ ಕೆಲಸ ಮಾಡದಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಒತ್ತುಗಳ ಪಟ್ಟಿಯನ್ನು ಬಿ-ಎಲ್-ಡಬ್ಲ್ಯು-ಎಫ್ ಅನ್ನುವ ವಿಭಾಗದಲ್ಲಿ ಹಾಕಿ. ‘ಕರ್ನಾಟಕ’ದ ಅರ್ಕಾವತ್ತಿಗೆ ಆರ್-ಪಿ-ಎಚ್-ಎಫ್: ‘ರ’ ಮತ್ತು ಹಲಂತ ಸೇರಿದರೆ ಅರ್ಕಾವತ್ತು. ಗುಡಿಸಿನ ರೂಪಗಳು ಎ-ಬಿ-ವಿ-ಎಸ್, ಪು-ವು ರೂಪಗಳು ಪಿ-ಎಸ್-ಟಿ-ಎಸ್. ‘ಕ್’ನಂಥ ಅರ್ಧಾಕ್ಷರಕ್ಕೆ ಎಚ್-ಎ-ಎಲ್-ಎನ್. ಶೂನ್ಯ ಅಗಲದ ಎರಡು ಅಚ್ಚುಗಳನ್ನೂ ಸೇರಿಸಿ: ಅಕ್ಷರ ಜೋಡಿಸುವ ಝಡ್-ಡಬ್ಲ್ಯು-ಜೆ ಮತ್ತು ಬಿಡಿಸುವ ಝಡ್-ಡಬ್ಲ್ಯು-ಎನ್-ಜೆ. ಕಾಣದ ಅಕ್ಷರ ಅಂತ ಬಿಟ್ಟರೆ ‘ರ‍್ಯಾಂಕ್’ ಬರೆಯುವಾಗ ಅಲ್ಲಿ ಬೇರೆ ಫಾಂಟ್ ನುಸುಳುತ್ತದೆ, ಇಲ್ಲವೇ ಖಾಲಿ ಡಬ್ಬಿ ಬರುತ್ತದೆ.

ಫಾಂಟ್ ಹೊರತೆಗೆಯುವ ಮುಂಚೆ ಮೂಲ ಕಡತದ ಒಂದು ಪ್ರತಿ ತೆಗೆದಿಡಿ. ಆಮೇಲೆ ಇನ್ನೊಂದು ಪ್ರತಿಯಲ್ಲಿ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ‘ರಿಮೂವ್ ಓವರ್‌ಲ್ಯಾಪ್’ನಿಂದ ಕೂಡಿಸಿ, ‘ಕರೆಕ್ಟ್ ಡೈರೆಕ್ಷನ್’ ಕೊಡಿ. ದೋಷ ಇದ್ದರೆ ‘ವ್ಯಾಲಿಡೇಟ್’ ತೋರಿಸುತ್ತದೆ.

ಅಂತರ ಮತ್ತು ಪರೀಕ್ಷೆ

ಎರಡು ಗುಂಡು ಪಕ್ಕಪಕ್ಕ ಬಂದರೆ ಅಂತರ ಕಡಿಮೆ ಬೇಕು, ಎರಡು ನೇರ ಕಾಲು ಬಂದರೆ ಜಾಸ್ತಿ. ಗುಂಡಿನ ಬದಿಗೆ 40, ನೇರ ಗೆರೆಯ ಬದಿಗೆ 65 ಇಟ್ಟು ‘ಗರಗರ’, ‘ರರಗಗ’ ಅಂತ ಬರೆದು ನೋಡಿ. ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರೆ ಓದುವ ಚಟ ತಪ್ಪಿ ಕಪ್ಪು ಬಿಳುಪು ಮಾತ್ರ ಕಾಣುತ್ತದೆ. ಎಲ್ಲಿ ಗುಂಪು ಕಟ್ಟಿದೆ, ಎಲ್ಲಿ ಹರಿದಿದೆ ತಿಳಿಯುತ್ತದೆ.

ಪರೀಕ್ಷೆಗೆ ತಾಲೂಕುಗಳ ಪಟ್ಟಿ ಸಾಕು: ಅಣ್ಣಿಗೇರಿ, ಕುಂದಗೋಳ, ಮುಂಡರಗಿ, ಗಜೇಂದ್ರಗಡ, ಶಿಗ್ಗಾವಿ, ಬ್ಯಾಡಗಿ, ರಾಣೆಬೆನ್ನೂರು. ಇದರ ಜೊತೆ ‘ಮವುಪುಷಫ’ ಅನ್ನುವ ಅರ್ಥವಿಲ್ಲದ ಸಾಲನ್ನೂ ಬರೆದು ದೂರದಿಂದ ಬೇರೆಯವರಿಗೆ ಓದಲು ಹೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಗೆ ಮರಳಿ ಕೈವಾರ ಹಿಡಿಯಬೇಕು.

ಪ್ರೆಸ್ಸಿಗೆ ಕೊಡುವಾಗ

ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಪ್ರೆಸ್ಸಿಗೆ ಹೋದರೆ ‘ಯಾವುದ್ರಾಗ ಮಾಡೀರಿ?’ ಅಂತ ಕೇಳುತ್ತಾರೆ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಯುನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳದ್ದೇ ರೂಢಿ. ಪೇಜ್‌ಮೇಕರ್‌ನಲ್ಲಿ ನಿಮ್ಮ ಫಾಂಟ್ ನಡೆಯುವುದೇ ಇಲ್ಲ, ಅದಕ್ಕೆ ಯುನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ. ಇನ್‌ಡಿಸೈನ್ ಇದ್ದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಲು ಹೇಳಿ, ಇಲ್ಲದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿ ಬೀಳುತ್ತವೆ. ತಲೆನೋವೇ ಬೇಡ ಅಂದರೆ ಇಂಕ್‌ಸ್ಕೇಪ್‌ನಲ್ಲೇ ಸಾಲು ಬರೆದು, ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ, ಪಿಡಿಎಫ್ ಮಾಡಿ ಕೊಡಿ.

ಫಾಂಟನ್ನು ನಾಲ್ಕು ಜನರಿಗೆ ಹಂಚುವ ಮನಸ್ಸಿದ್ದರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 ಹಾಕಿ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಿನಿಂದ ಒಂದು ಒತ್ತನ್ನೋ ಅಂಕಿಯನ್ನೋ ಎರವಲು ತಂದಿದ್ದರೆ ನಿಮ್ಮದಕ್ಕೂ ಅದೇ ಲೈಸೆನ್ಸ್ ಇರಲೇಬೇಕು. ಪ್ರತಿ ಸಲ ತಿದ್ದಿ ಕಳಿಸುವಾಗ ಆವೃತ್ತಿ ಸಂಖ್ಯೆ ಬದಲಿಸಿ, ಹಳೆಯದನ್ನು ಕಂಪ್ಯೂಟರಿನಿಂದ ತೆಗೆದೇ ಹೊಸದನ್ನು ಹಾಕಲು ಹೇಳಿ. ಒಂದೇ ಹೆಸರಿನ ಎರಡು ಫಾಂಟ್ ಇದ್ದರೆ ಪರದೆಯ ಮೇಲೆ ಹಳೆಯದೇ ಕಾಣುತ್ತಿರುತ್ತದೆ, ನೀವು ತಿದ್ದಿದ ‘ವು’ ಯಾಕೆ ಬರಲಿಲ್ಲ ಅಂತ ಸಂಜೆವರೆಗೆ ಫೋನ್ ಬರುತ್ತಿರುತ್ತದೆ.